ವಿಮಲಾ ಮೂಲೆ

ಬೆಲ್ಲದ ಅಚ್ಚಿನ ತಳದಲ್ಲಿ ಒಂದು ಹುಲ್ಲುಕಡ್ಡಿ ಅಂಟಿಕೊಂಡಿತ್ತು. ಅದನ್ನು ಉಗುರಿನಿಂದ ಬಿಡಿಸಿ ಪಕ್ಕಕ್ಕಿಟ್ಟು, ಉಳಿದದ್ದನ್ನೆಲ್ಲ ತಿಂದವಳು ನಾನು. ಅದು ತಿನ್ನಲು ತಂದ ಬೆಲ್ಲವಲ್ಲ — ಒಂದು ತಾರಸಿಗೆ ಸೇರಬೇಕಾಗಿದ್ದ ಬೆಲ್ಲ.

ಉತ್ತರಹಳ್ಳಿಯಾಚೆ ಗುಡ್ಡದ ಮೇಲೆ ಹಳೆಯದೊಂದು ಕಲ್ಲುಕಟ್ಟಡವಿದೆ. ಹಿಂದೆ ನೆಲ ಅಳೆಯಲು ಬಂದ ಸರ್ವೆಯವರು ಕಟ್ಟಿಸಿಕೊಂಡ ಬಿಡಾರ. ಈಗ ನಮ್ಮ ಕಾಲೇಜಿನ ಹುಡುಗಿಯರ ಶಿಬಿರ ನಡೆಯುವುದು ಅಲ್ಲೇ. ಕಿಟಕಿಯೊಳಗೆ ಒಬ್ಬಳು ಕಾಲು ಮಡಚಿ ಕೂತು ಓದಬಹುದು, ಗೋಡೆ ಅಷ್ಟು ದಪ್ಪ. ಮರದ ತೊಲೆಗಳ ಮೇಲೆ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಅದರ ಮೇಲೆ ಸುಣ್ಣದ ಗಾರೆ ಹಾಕಿದ ತಾರಸಿ. ನಾನು ಬಿ.ಎ. ಓದುತ್ತಿದ್ದಾಗ ನಾವೇ ಶ್ರಮದಾನ ಮಾಡಿ ಅದಕ್ಕೆ ಹೊಸ ಗಾರೆ ಹಾಕಿದೆವು. ಬೆಲ್ಲ, ಅಳಲೆಕಾಯಿ ನೆನೆಹಾಕಿದ ನೀರಿನಲ್ಲಿ ಕಲಸಿದರೆ ಗಾರೆ ಕಲ್ಲಾಗುತ್ತದೆ, ಮಳೆಗೆ ಜಗ್ಗುವುದಿಲ್ಲ — ಇದನ್ನು ಎಲ್ಲರಿಗೂ ಉಪನ್ಯಾಸದ ಧಾಟಿಯಲ್ಲಿ ಹೇಳಿದವಳೂ ನಾನೇ. ಇತಿಹಾಸದ ವಿದ್ಯಾರ್ಥಿನಿ, ಗಂಭೀರ ಹುಡುಗಿ — ನೆನೆಹಾಕುವ ಕೆಲಸ ನನಗೇ ಒಪ್ಪಿಸಿದರು.

ಊಟಕ್ಕೆ ಕೂತಾಗ ಇನ್ನಷ್ಟು ಬಡಿಸಿ ಎಂದು ಕೇಳಲು ನನಗೆ ಸಂಕೋಚ. ಹಸಿವು ತಾಳದೆ, ತಾರಸಿಯ ಕೊನೆಯ ಮೂಲೆಗೆಂದು ಉಳಿದಿದ್ದ ಅಚ್ಚಿನಿಂದ ಒಂದು ಚೂರು ಮುರಿದೆ. ಕಿಟಕಿಯಲ್ಲಿ ಕೂತು ಓದುತ್ತ ಇನ್ನೊಂದು... ಜೊತೆಗೆ ಕಡಲೆಕಾಯಿಯೂ ಇತ್ತು. ಸಂಜೆಗೆ ಹುಲ್ಲುಕಡ್ಡಿ ಮಾತ್ರ ಉಳಿಯಿತು. ಆ ಮೂಲೆಯ ಗಾರೆಗೆ ಬರೀ ಅಳಲೆಕಾಯಿ ನೀರು ಹೋಯಿತು.

ಅಲ್ಲಿ ಮರದ ಕೊಡತಿ ಹಿಡಿದು ಗಾರೆ ಬಡಿದದ್ದು ನನ್ನ ಗೆಳತಿ, ತ್ಯಾಗರಾಜನಗರದ ವಿಮಲಾ, ಮತ್ತು ಅವಳ ತಂಡ. ಮೊದಲ ಮಳೆಗೇ ಆ ಮೂಲೆ ಸೋರಿತು.

“ಏನೇ ವಿಮಲಾ, ಕೊಡತಿ ಬಡಿದ್ರೋ, ಬರೀ ಹರಟೆ ಹೊಡೆದ್ರೋ?” ಎಂದರು ನಮ್ಮ ಮೇಡಂ.

“ಎರಡೂ ಮೇಡಂ. ಹರಟೆ ಮಾತ್ರ ಸೋರಲ್ಲ ನೋಡಿ!”

ಎಲ್ಲರೂ ನಕ್ಕರು. ನಾನೂ ನಕ್ಕೆ — ಬೆಲ್ಲ ತಿಂದದ್ದಕ್ಕಿಂತ ಅದು ದೊಡ್ಡ ತಪ್ಪು. ಮರುವರ್ಷ ಶಿಬಿರದ ನಾಯಕಿಯಾಗಬೇಕಿದ್ದವಳು ವಿಮಲಾ. ಜವಾಬ್ದಾರಿಯುಳ್ಳವಳು ಬೇಕೆಂದು ನನ್ನನ್ನು ಮಾಡಿದರು. ಒಪ್ಪಿಕೊಂಡೆ. ಅವಳು ಗುಡ್ಡ ಹತ್ತುವುದನ್ನೇ ಬಿಟ್ಟಳು.

ಎಂ.ಎ. ಮುಗಿದ ಮೇಲೂ ಪ್ರತಿ ಶಿಬಿರಕ್ಕೆ ಹೋಗಿ ಕಟ್ಟಡದ ಇತಿಹಾಸ ಹೇಳುತ್ತೇನೆ. ಆ ಮೂಲೆ ಬಂದಾಗ ಮಾತ್ರ — ಬೇಗ ಮುಂದೆ ಹೋಗಿಬಿಡುತ್ತಿದ್ದೆ.

ಈ ವರ್ಷ ಒತ್ತಾಯ ಮಾಡಿ ವಿಮಲಾಳನ್ನು ಕರೆದುಕೊಂಡು ಹೋದೆ. ಜಯನಗರದಿಂದ ಹೊರಟ ಬಸ್ಸಿನಲ್ಲೇ ಹೇಳಿಬಿಡಬೇಕೆಂದಿದ್ದೆ. ಉತ್ತರಹಳ್ಳಿ ಬರುವವರೆಗೂ ಸೀರೆಗಳ ವಿಷಯ ಮಾತಾಡಿದೆ. ಸಂಜೆ ಮಳೆ ಬಂತು. ಹುಡುಗಿಯೊಬ್ಬಳು ಸೋರುವ ಮೂಲೆಯ ಕೆಳಗೆ ಬಕೆಟ್ಟು ತಂದಿಟ್ಟಳು.

“ಅಕ್ಕ, ವಿಮಲಾ ಮೂಲೇಲಿ ಕೂತ್ಕೋಬೇಡಿ, ನೆಂದೋಗ್ತೀರ.”

“ವಿಮಲಾ ಯಾರಮ್ಮ?” ಎಂದಳು ವಿಮಲಾ.

“ಯಾರೋ ಸೋಮಾರಿಯಂತೆ. ಆ ಕಾಲದೋಳು.”

“ಆ ಕಾಲದೋಳಾ!” ವಿಮಲಾ ಬಿದ್ದು ಬಿದ್ದು ನಕ್ಕಳು. ನಗು ಮುಗಿದ ಮೇಲೆ ತಲೆಯೆತ್ತಿ ಮೂಲೆಯನ್ನು ನೋಡಿದಳು. “ಚೆನ್ನಾಗೇ ಬಡಿದಿದ್ವಿ ಕಣೇ,” ಎಂದಳು, ನನಗೆ ಮಾತ್ರ ಕೇಳುವಂತೆ.

ಮರುದಿನ ಬೆಳಗ್ಗೆ ಹುಡುಗಿಯರಿಗೆ ಕಟ್ಟಡ ತೋರಿಸುತ್ತ ಆ ಮೂಲೆಯಲ್ಲಿ ನಿಂತೆ. “ಇವಳೇ ವಿಮಲಾ. ಇವಳು ಸರಿಯಾಗೇ ಬಡಿದಿದ್ದಳು. ಗಾರೆಗೆ ಹಾಕಬೇಕಾಗಿದ್ದ ಬೆಲ್ಲ ತಿಂದವಳು ನಾನು.”

ಬಕೆಟ್ಟು ತಂದಿಟ್ಟಿದ್ದ ಹುಡುಗಿಯೇ ಮೆಲ್ಲಗೆ ಕೇಳಿದಳು: “ಚೆನ್ನಾಗಿತ್ತಾ ಅಕ್ಕ?”

“ತುಂಬಾ ಚೆನ್ನಾಗಿತ್ತು,” ಎಂದೆ. ಸುಳ್ಳು ಹೇಳುವುದನ್ನು ನಿಲ್ಲಿಸಿಯಾಗಿತ್ತಲ್ಲ.

ಹುಡುಗಿಯರೆಲ್ಲ ಗೊಳ್ಳೆಂದರು. ವಿಮಲಾ ನಗಲಿಲ್ಲ. ಬಕೆಟ್ಟನ್ನು ಕಾಲಿನಿಂದ ನನ್ನ ಕಡೆ ತಳ್ಳಿದಳು.

“ತುಂಬಿದೆ. ನಿನ್ನ ಮೂಲೆ, ನೀನೇ ಚೆಲ್ಲು.”

ಎರಡೂ ಕೈಯಲ್ಲಿ ಎತ್ತಿಕೊಂಡು ಹೊರಗೆ ಹೋದೆ. ಚೆಲ್ಲಿ, ತಂದು, ಅದೇ ಜಾಗದಲ್ಲಿಟ್ಟೆ.