ಮಂಜುಳಮ್ಮ ಮಾಡಿದ ಇಲಿ ಬಾಣಂತನ

ತೊಟ್ಟಿಲ ಶಾಸ್ತ್ರದ ದಿನ ಆರತಿ ತಟ್ಟೆಗೆ ಬಂದವರು ಕಾಸು ಹಾಕುವುದು ವಾಡಿಕೆ. ಮಂಜುಳಮ್ಮ ಹಾಕಿದ್ದು ಇಲಿಮರಿ.

ಬೇಕೆಂದು ಹಾಕಿದ್ದಲ್ಲ, ಪಾಪ. ತಮಿಳು ಸೀಮೆಯ ಕೊಳತ್ತೂರಿನ ಮಾರಿಯಮ್ಮನ ಮೊಮ್ಮಗುವಿಗೆ ಹೆಸರಿಟ್ಟು, ಹಾಡು ಹೇಳಿ, ತಾಂಬೂಲ ಕೊಡುವ ಹೊತ್ತಿಗೆ ಮಾರಿಯಮ್ಮ, “ಸೆರಗು ಒಡ್ಡು ಮಂಜುಳಾ” ಎಂದಳು. ಮಂಜುಳಮ್ಮ ಸೊಂಟಕ್ಕೆ ಸಿಕ್ಕಿಸಿದ್ದ ಸೆರಗು ಬಿಡಿಸಿ ಒಡ್ಡಿದಳು. ಒಡ್ಡಿದ ಮೇಲೆ ನೆನಪಾಯಿತು: ಬೆಳಿಗ್ಗೆ ತಾಯಿ ಇಲಿಯ ಬಾಯಿಂದ ತಪ್ಪಿಸಿದ ಮರಿಗಳನ್ನು ಹತ್ತಿಯಲ್ಲಿ ಸುತ್ತಿ, ಬೆಚ್ಚಗಿರಲೆಂದು ಅಲ್ಲೇ ಸಿಕ್ಕಿಸಿಕೊಂಡಿದ್ದಳು. ಕೂದಲಿಲ್ಲದ, ಕಣ್ಣು ಬಿಡದ ಗುಲಾಬಿ ಬಣ್ಣದ ಒಂದು ಜೀವ ಜಾರಿ, ಕುಂಕುಮದ ನೀರಿನ ಪಕ್ಕ ಬಿದ್ದು ಕಾಲಾಡಿಸಿತು.

“ಅಯ್ಯಯ್ಯೋ, ಎಲಿ! ಎಲಿಕುಟ್ಟಿ!” ತಮಿಳಿನವರು ಮೊದಲು ಕೂಗಿದರು, ಕನ್ನಡದವರು ಮೊದಲು ಓಡಿದರು.

ಓಡದೆ ನಿಂತವಳು ಒಬ್ಬಳೇ, ಮಂಜುಳಮ್ಮನ ಓರಗಿತ್ತಿ ರೋಜಾ. ಮುಡಿಯ ತುಂಬ ಕನಕಾಂಬರ ಮುಡಿದು, ಹಲ್ಲೆಲ್ಲ ಕಾಣುವಂತೆ ನಕ್ಕು, “ನಮ್ಮನೇಲಿ ಮರಿಗಳು ಅವರಮ್ಮನ ಒಟ್ಟೆ ಕೆಳಗೇ ಬೆಚ್ಚಗಿರ್ತಾವೆ ಅಕ್ಕಾ. ಸೊಂಟಕ್ಕೆ ಕಟ್ಕೊಂಡು ತಿರುಗೋ ಕರ್ಮ ನಮಗಿಲ್ಲ” ಎಂದಳು.

ಹೆಂಗಸರ ನಗು ಬಾಗಿಲು ದಾಟುವ ಹೊತ್ತಿಗೆ ಆರಿತು. ರೋಜಾಳ ಮಾತು ಆರಲಿಲ್ಲ. ಮರಿ ಹೋದರೂ ಮರ್ಯಾದೆ ಉಳಿಯುತ್ತದೆ ಎಂದುಕೊಂಡಿದ್ದ ಮಂಜುಳಮ್ಮನಿಗೆ ಅಂದು ಎರಡೂ ಒಟ್ಟಿಗೇ ಜಾರಿದಂತಾಯಿತು.

ಮಂಜುಳಮ್ಮ ಇಲಿಯ ಕಸುಬಿಗೆ ಬಂದದ್ದು ಗಂಡನ ಕಡೆಯಿಂದ. ಮೆಟ್ಟೂರಿಂದ ಬರುವ ದಾರಿಯಲ್ಲಿ ಯಾರೋ ಹಣವಂತರು ಒಂದು ತೋಟ ಮಾಡಿ, ಟಿಕೆಟ್ ಇಟ್ಟು, ಜೋಕಾಲಿ ಹಾಕಿ, ಒಳಗೆ ಹಾವಿನ ಮನೆಯನ್ನೂ ಕಟ್ಟಿಸಿದ್ದರು. ಅವಳ ಗಂಡ ನಾರಾಯಣಪ್ಪ ಅಲ್ಲಿ ಗಿಡಗಳಿಗೆ ನೀರು ಹಾಕುವವನು. ಹಾವುಗಳಿಗೆ ಗದ್ದೆಯ ಇಲಿ ಹಾಕುವಂತಿರಲಿಲ್ಲ, ಯಾವ ಇಲಿ ಎಲ್ಲಿ ಯಾವ ಔಷಧಿ ತಿಂದಿದೆಯೋ! ಅದಕ್ಕೆ ಸೂಪರ್‌ವೈಸರ್ ಕೃಷ್ಣಸ್ವಾಮಿ ಸೇಲಂನಿಂದ ಬಿಳಿ ಇಲಿ ತರಿಸಿ, “ಯಾರಾದ್ರೂ ಸಾಕಿ ಮರಿ ಮಾಡಿಕೊಡ್ತೀರಾ? ಮರಿಗಿಷ್ಟು ಅಂತ ದುಡ್ಡು ಕೊಡ್ತೀವಿ” ಎಂದು ಕೇಳಿದರು. ಮಾಲಿಗಳೆಲ್ಲ ಮುಖ ತಿರುಗಿಸಿದರು. ನಾರಾಯಣಪ್ಪ ಮಾತ್ರ, “ನಮ್ಮೆಂಗಸು ಊರಿಗೆಲ್ಲ ಬಾಣಂತನ ಮಾಡ್ತಾಳೆ ಸಾರ್, ಇಲಿಗೆ ಮಾಡಲ್ವಾ?” ಎಂದುಬಿಟ್ಟ.

ಅದು ಸುಳ್ಳಲ್ಲ. ಆ ಸುತ್ತಿನ ಕನ್ನಡದ ಮನೆಗಳಲ್ಲಿ ಬಾಣಂತನವೆಂದರೆ ಮಂಜುಳಮ್ಮ. ಎಣ್ಣೆ ನೀರು ಎರೆಯುವುದು, ಬೆಳ್ಳುಳ್ಳಿ ಹುರಿದು ತಿನ್ನಿಸುವುದು, ಸಾಂಬ್ರಾಣಿ ಹೊಗೆ ಹಾಕುವುದು, ತಲೆದೆಸೆಯಲ್ಲಿ ಕಬ್ಬಿಣ ಇಡುವುದು ಎಲ್ಲ ಬಲ್ಲವಳು. ಇವೆಲ್ಲಕ್ಕಿಂತ ಮುಖ್ಯವಾದ ಒಂದು ಕಟ್ಟಳೆ ಅವಳದು: ಹೆತ್ತವಳನ್ನು ಒಂದು ಗಳಿಗೆಯೂ ಒಂಟಿ ಬಿಡಬಾರದು. ಗಾಳಿ ಸೋಕುತ್ತದೆ, ದೃಷ್ಟಿ ತಾಕುತ್ತದೆ. ಯಾರಾದರೂ ಪಕ್ಕದಲ್ಲಿ ಕೂತಿರಬೇಕು.

ಮಂಜುಳಮ್ಮ ಇಲಿಯ ಪಕ್ಕದಲ್ಲೂ ಕೂತಳು.

ಹೊಟ್ಟೆ ದಪ್ಪಗಾದ ಇಲಿಯ ಪಂಜರದಲ್ಲಿ ಬೇವಿನ ಸೊಪ್ಪು, ಒಂದು ತುಕ್ಕು ಮೊಳೆ. ಮರಿ ಹಾಕಿದ ಕೂಡಲೇ ಸಾಂಬ್ರಾಣಿ. ಹೆತ್ತ ಜಾಗ ಮೈಲಿಗೆಯೆಂದು ಹಳೆಯ ಹುಲ್ಲೆಲ್ಲ ಎಳೆದು ಹೊಸ ಬಟ್ಟೆ. ಆಮೇಲೆ ಟಾರ್ಚು ಬಿಟ್ಟು ನೋಡುವುದು, ತಾಯಿಯನ್ನು ಎತ್ತಿ ಪಕ್ಕಕ್ಕಿಟ್ಟು ಮರಿಗಳು ಹಾಲು ಕುಡಿದವೇ ಎಂದು ಹೊಟ್ಟೆ ಮುಟ್ಟುವುದು, ಮತ್ತೆ ಟಾರ್ಚು. ಇಲಿಗಳ ಪಾಲಿಗೆ ಅವಳು ಥೇಟು ಕಾನ್ವೆಂಟ್ ಹಾಸ್ಟೆಲಿನ ಮದರ್ ಸುಪೀರಿಯರ್. ಹಾಸಿಗೆ ತಪಾಸಣೆ ಮಾಡದೆ ಬಿಡುತ್ತಿರಲಿಲ್ಲ.

ಇಷ್ಟೆಲ್ಲ ಮಾಡಿದರೂ ಇಲಿಗಳು ಮರಿಗಳನ್ನು ತಿಂದುಹಾಕುತ್ತಿದ್ದವು. ಒಂದನ್ನು ತಲೆಯಿಂದ, ಇನ್ನೊಂದನ್ನು ಕಾಲಿಂದ. ಉಳಿದದ್ದನ್ನು ಮಂಜುಳಮ್ಮ ಕಿತ್ತು ಸೊಂಟಕ್ಕೆ ಕಟ್ಟಿಕೊಂಡು, ಹತ್ತಿಯ ಬತ್ತಿಯಲ್ಲಿ ಹಾಲು ಹಿಂಡಿ ಉಳಿಸಲು ನೋಡುವಳು. ಹೇಗೂ ಹಾವಿನ ಬಾಯಿಗೆ ಹೋಗುವ ಮರಿಗೆ ಇಷ್ಟು ಪಾಡೇಕೆ ಎಂದು ಮಾರಿಯಮ್ಮ ಕೇಳಿದಾಗ ಅವಳು, “ಆವು ತಿಂದ್ರೆ ವ್ಯಾಪಾರ, ತಾಯೇ ತಿಂದ್ರೆ ಪಾಪ” ಎಂದಿದ್ದಳು.

ಕೃಷ್ಣಸ್ವಾಮಿ ಮೊದಲೇ ಹೇಳಿದ್ದರು: “ಗಂಡಿಲೀನ ಬೇರೆ ಇಡಿಮ್ಮಾ. ನೀರು ಖಾಲಿ ಆಗಬಾರದು. ಮರಿ ಹಾಕಿದ ಮೇಲೆ ಪಂಜರ ಮುಚ್ಚಿ ಕತ್ತಲು ಮಾಡಿ, ನಾಲ್ಕು ದಿನ ಆ ಕಡೆ ಹೋಗಲೇಬೇಡಿ.” ಮಂಜುಳಮ್ಮ ತಲೆಯಾಡಿಸಿ ಬಂದು, “ಗಂಡಸರಿಗೆ ಬಾಣಂತನ ಏನು ಗೊತ್ತು? ಎತ್ತವಳನ್ನ ಕತ್ತಲಲ್ಲಿ ಒಂಟಿ ಬಿಡು ಅಂತಾನೆ, ಪಾಪಿ!” ಎಂದು ಗಂಡನ ಹತ್ತಿರ ಬೈದಿದ್ದಳು.

ಮಾಡಿದ ತಪ್ಪು ಅದೊಂದೇ ಆಗಿದ್ದರೆ ಸರಿಹೋಗುತ್ತಿತ್ತು. ದೊಡ್ಡ ತಪ್ಪು ರೋಜಾಳಿಗೆ ಇಲಿ ಕೊಟ್ಟದ್ದು. ರೋಜಾ ನಾರಾಯಣಪ್ಪನ ತಮ್ಮ ಶಿವಣ್ಣನ ಹೆಂಡತಿ. ಎರಡು ಮನೆಗೆ ಒಂದೇ ಗೋಡೆ, ಹಿತ್ತಲಿನ ಎರಡು ಕೊಟ್ಟಿಗೆಗೆ ನಡುವೆ ತೆಂಗಿನ ಗರಿಯ ತಟ್ಟಿ. “ನಂಗೂ ಎರಡು ಕೊಡಕ್ಕಾ” ಎಂದಾಗ ಮಂಜುಳಮ್ಮ ದೊಡ್ಡ ಮನಸ್ಸು ಮಾಡಿ ಒಂದು ಜೊತೆ ಕೊಟ್ಟಿದ್ದಳು. ಆರಿಸಿ ಆರಿಸಿ, ಹೆಚ್ಚು ದಿನ ಬದುಕಲಾರದಂತೆ ಕಾಣುತ್ತಿದ್ದ ಜೊತೆ.

ಅವು ಬದುಕಿದವು. ಹೆತ್ತವು. ತಿನ್ನಲಿಲ್ಲ. ಹೆತ್ತದ್ದೂ ಹೆತ್ತವು, ಇನ್ನೂ ಹೆತ್ತವು. ತಟ್ಟಿಯ ಆಚೆಯಿಂದ ಮರಿಗಳು ಹಾಲು ಕುಡಿಯುವ ಕಿಚಿಪಿಚಿ ಕೇಳುವಾಗ ಮಂಜುಳಮ್ಮನಿಗೆ ರಾಗಿಮುದ್ದೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಊರ ತಮಿಳಿನವರು ಅವಳನ್ನು ‘ಎಲಿಯಮ್ಮಾ’ ಎಂದು ಕರೆದಾಗ ಮೊದಮೊದಲು ಅವಳು ಜಗಳಕ್ಕೆ ಹೋಗುತ್ತಿದ್ದಳು. ಈಗ ಬಸ್ ಸ್ಟ್ಯಾಂಡಿನ ಹತ್ತಿರ ಯಾರೋ ರೋಜಾಳನ್ನು ‘ಎಲಿಯಮ್ಮಾ’ ಎಂದು ಕೂಗಿದ್ದು ಕಿವಿಗೆ ಬಿದ್ದು, ತನ್ನ ತಾಳಿಯನ್ನೇ ಯಾರೋ ಕಿತ್ತುಕೊಂಡಂತಾಯಿತು.

ತೊಟ್ಟಿಲ ಶಾಸ್ತ್ರದ ಮಾರನೆಯ ದಿನ ನಾರಾಯಣಪ್ಪ ಕೆಲಸದಿಂದ ಬಂದವನು ಚಪ್ಪಲಿ ಬಿಡುತ್ತಲೇ ಹೇಳಿದ: “ಮರಿ ಒಯ್ಯೋಕೆ ಎರಡು ಮನೆ ತಿರುಗೋಕೆ ಆಗಲ್ವಂತೆ. ದೀಪಾವಳಿ ಆದ್ಮೇಲೆ ಸೂಪರ್‌ವೈಸರ್ ಬಂದು ನೋಡ್ತಾನಂತೆ. ಯಾರ ಮನೇಲಿ ಮರಿ ನಿಂತೈತೋ ಅವರಿಗೇ ಪೂರ್ತಿ ಆರ್ಡರು. ಇನ್ನೊಬ್ರಿಗೆ ಇಲ್ಲ.”

“ಅಂದ್ರೆ?”

“ಅಂದ್ರೆ ಇಲಿಗೆ ಬಿಲ, ರೋಜಾಗೆ ಬಿಲ್ಲು, ನಿಂಗೆ ಬಿಳೀ ಇಲಿ ಉಚ್ಚೆ.”

ಅವನು ನಕ್ಕ. ಅವಳು ನಗಲಿಲ್ಲ. ಸೀದಾ ಪಕ್ಕದ ಮನೆಗೆ ಹೋಗಿ, ಹೂ ಕಟ್ಟುತ್ತಿದ್ದ ಓರಗಿತ್ತಿಯ ಎದುರು ಕುಕ್ಕರಗಾಲಲ್ಲಿ ಕೂತಳು.

“ರೋಜಾ, ನಿಜ ಏಳು. ನಿನ್ನ ಇಲಿ ಯಾಕೆ ಮರಿ ತಿನ್ನಲ್ಲ? ಏನು ಆಕ್ತೀಯ?”

“ಇಂಡಿ ಆಕ್ತೀನಿ. ನೀರು ಇಡ್ತೀನಿ.”

“ಅದು ನಾನೂ ಆಕ್ತೀನಿ. ಆಮೇಲೆ?”

“ಆಮೇಲೆ ಏನಕ್ಕ? ಗೋಣಿ ಮುಚ್ಚಿ ಓಡಿ ಬರ್ತೀನಿ. ಎತ್ತ ಇಲಿ ಅಂದ್ರೆ ನಂಗೆ ಅಸಹ್ಯ. ಆ ಕೆಂಪು ಮರಿ ನೋಡಿದ್ರೆ ಊಟ ಸೇರಲ್ಲ. ಅವು ಕಣ್ಣು ಬಿಟ್ಟು ಕೂದ್ಲು ಬರೋಗಂಟ ನಾನು ಆ ಕಡೆ ತಲೇನೂ ಆಕಲ್ಲ.”

ಮಂಜುಳಮ್ಮನಿಗೆ ಮೈ ಉರಿಯಿತು. ಎಷ್ಟು ಸಲೀಸಾಗಿ ಸುಳ್ಳು ಹೇಳುತ್ತಾಳೆ! ನೋಡದೆ ಮರಿ ನಿಲ್ಲುತ್ತದೆಯಂತೆ! ರೋಜಾಳ ತವರು ಪಾಲಮಲೆ. ಬೆಟ್ಟದವರು. ಅಲ್ಲಿಂದ ಯಾವುದೋ ಬೇರು ತಂದು ತೇದು ಕುಡಿಸುತ್ತಿರಬೇಕು. ನನ್ನ ಇಲಿ, ನಾನು ಕೊಟ್ಟ ಇಲಿ, ನನಗೇ ಗುಟ್ಟು!

“ಸರಿಯಮ್ಮ. ನೀನು ಬುದ್ಧಿವಂತೆ” ಎಂದು ಎದ್ದು ಬಂದಳು.

ಅಂದಿನಿಂದ ಓರಗಿತ್ತಿಯ ಮೇಲೆ ಓರೆಗಣ್ಣು ಶುರುವಾಯಿತು. ಮೊದಲು ತಟ್ಟಿಯಲ್ಲಿ ಒಂದು ಕಣ್ಣಿಗಾಗುವಷ್ಟು ತೂತು. ಒಂದು ಕಣ್ಣಿಗೆ ಗುಟ್ಟು ಕಾಣಲಿಲ್ಲ, ಎರಡು ಕಣ್ಣಿಗಾಗುವಷ್ಟು ಮಾಡಿದಳು. ಅದೂ ಸಾಲದೆ ಟಾರ್ಚು ತೂರುವಷ್ಟು. ರೋಜಾ ಬೆಳಿಗ್ಗೆ ಹೂ ಬಿಡಿಸಲು ಹೊಲಕ್ಕೆ ಹೋದದ್ದೇ ತಡ, ಮಂಜುಳಮ್ಮ ತಟ್ಟಿಯ ಸಂದಿಯಲ್ಲಿ ನುಸುಳಿ ಆ ಕಡೆಯ ಕೊಟ್ಟಿಗೆಯಲ್ಲಿರುತ್ತಿದ್ದಳು. ಗೋಣಿ ಎತ್ತಿ ನೋಡಿದಳು. ಬಾಣಂತಿ ಇಲಿಯ ಬಾಲ ಹಿಡಿದೆತ್ತಿ ಕೆಳಗೆ ಬೇರೇನಾದರೂ ಇದೆಯೇ ಎಂದು ತಡಕಿದಳು. ಹುಲ್ಲು ಮೂಸಿದಳು. ತಟ್ಟೆಯಲ್ಲಿದ್ದ ಹಿಂಡಿಯಿಂದ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಅಗಿದಳು. ಕಡಲೆಕಾಯಿ ಹಿಂಡಿ. ಬರೀ ಹಿಂಡಿ. ಬೆಟ್ಟದವರು ಎಷ್ಟು ಪಾಕಡ ಜನ, ಬೇರಿನ ರುಚಿಯೂ ತಿಳಿಯದಂತೆ ಕಲಸುತ್ತಾರೆ ಎಂದುಕೊಂಡು ಮತ್ತೆ ಸಂಜೆ ಹೋದಳು.

“ನಮ್ಮ ಇಲಿಗಳಿಗೆ ಯಾರು ದಿಕ್ಕು?” ನಾರಾಯಣಪ್ಪ ಕೇಳಿದ.

“ನೀನೇ ಒಂದಿಷ್ಟು ಇಂಡಿ ಆಕು. ನಂಗೆ ಪುರುಸೊತ್ತಿಲ್ಲ.”

“ನಿಂಗೇನು ಅಂಥಾ ಕೆಲಸ?”

“ಅವಳದನ್ನ ನೋಡೋದು ಬ್ಯಾಡ್ವಾ?”

ನಾರಾಯಣಪ್ಪ ಸೋಮಾರಿಗಳಲ್ಲಿ ಒಂದು ತೂಕ ಹೆಚ್ಚಿನವನು. ದಿನಾ ಹೋಗುವುದೇಕೆಂದು ದೊಡ್ಡ ಬಟ್ಟಲಲ್ಲಿ ಹಿಂಡಿ ತುಂಬಿ, ಇಳಿಬಿಟ್ಟ ನೀರಿನ ಬಾಟಲಿ ಕಟ್ಟಿ, ಗಂಡಿಲಿ ಕಚ್ಚಲು ಬಂತೆಂದು ಅದನ್ನು ಬೇರೆ ಪಂಜರಕ್ಕೆ ಎಸೆದು, ವಾಸನೆ ಬೇಡವೆಂದು ಎಲ್ಲದರ ಮೇಲೆ ಎರಡು ಗೋಣಿ ಹೊದಿಸಿ, ಬಾಗಿಲೆಳೆದುಕೊಂಡು ಬಂದ. ಆಮೇಲೆ ಬಾಟಲಿ, ಬಟ್ಟಲು ತುಂಬಿಸಲು ಹೋಗುವುದು ಬಿಟ್ಟರೆ ಆ ಕಡೆ ಸುಳಿಯಲಿಲ್ಲ.

ದೀಪಾವಳಿಯ ಪಟಾಕಿ ಮುಗಿದ ಒಂದು ಬೆಳಿಗ್ಗೆ ಪಕ್ಕದ ಕೊಟ್ಟಿಗೆಯಿಂದ ರೋಜಾಳ ಕೂಗು ಕೇಳಿತು. ಓಡಿಹೋದವರಲ್ಲಿ ಮಂಜುಳಮ್ಮ ಮೊದಲಿಗಳು. ಗೋಣಿ ಸರಿದಿತ್ತು. ಹುಲ್ಲಿನಲ್ಲಿ ರಕ್ತ, ಒಂದು ಪುಟ್ಟ ಕಾಲು. ತಾಯಿ ಇಲಿ ಮೂಲೆಯಲ್ಲಿ ಕೂತು ಮೀಸೆ ಒರೆಸಿಕೊಳ್ಳುತ್ತಿತ್ತು. ಪಕ್ಕದ ಪಂಜರದಲ್ಲೂ ಅದೇ ಕತೆ.

“ಯಾವತ್ತೂ ಇಂಗೆ ಆಗಿರ್ಲಿಲ್ಲ ಅಕ್ಕಾ” ಎಂದು ರೋಜಾ ಅತ್ತಳು. ಮಂಜುಳಮ್ಮನ ಎದೆಗೆ ಎಳನೀರು ಕುಡಿದಷ್ಟು ತಂಪಾಯಿತು. ಓರಗಿತ್ತಿಯ ಬೆನ್ನು ಸವರಿ, ಮೂಗು ಒರೆಸಿ, “ಅಳಬ್ಯಾಡ ಕಣೇ, ನಮ್ಮ ಕೈಲಿ ಏನೈತೆ?” ಎಂದು ಮನಸಾರೆ ಸಮಾಧಾನ ಹೇಳಿದಳು. ಅಷ್ಟು ಸುಖವಾಗಿ ಅವಳು ಯಾರನ್ನೂ ಸಂತೈಸಿರಲಿಲ್ಲ. ಸಂತೈಸುವಾಗ ತಟ್ಟಿಯ ತೂತಿಗೆ ಬೆನ್ನು ಕೊಟ್ಟು ನಿಂತಿದ್ದಳು ಅಷ್ಟೆ.

ಕೃಷ್ಣಸ್ವಾಮಿ ಬಂದದ್ದು ಅಂದೇ ಮಧ್ಯಾಹ್ನ, ಮೊಪೆಡ್ ಮೇಲೆ. ಮೊದಲು ರೋಜಾಳ ಕೊಟ್ಟಿಗೆಗೆ ಹೋದರು. ಬಗ್ಗಿ, ಹುಲ್ಲು ಕೆದಕಿ, ಹುಬ್ಬು ಗಂಟಿಕ್ಕಿದರು.

“ಯಾರೋ ದಿನಾ ಕೈಯಾಡಿಸಿದ್ದಾರಲ್ಲಮ್ಮ. ಗೂಡೆಲ್ಲ ಕೆದರಿ ಹೋಗಿದೆ. ಹೆತ್ತ ಇಲಿಗೆ ಗಾಬರಿಯಾದ್ರೆ ಮರೀನ ತಿಂದುಬಿಡುತ್ತೆ, ಹೇಳಿರಲಿಲ್ವಾ?”

“ನಾನು ಮುಟ್ಟೋದೇ ಇಲ್ಲ ಸಾರ್! ಸತ್ಯವಾಗ್ಲೂ!”

“ಮತ್ತೆ ಗಾಳಿ ಬಂದು ಕೆದರಿತಾ?”

ಮಂಜುಳಮ್ಮ ತನ್ನ ಕೊಟ್ಟಿಗೆಯ ಕಡೆ ನೋಡಿದಳು. ಓರಗಿತ್ತಿಯ ಆರ್ಡರು ಹೋಯಿತು, ಸರಿ. ತನ್ನದು? ತನ್ನ ಕೊಟ್ಟಿಗೆಯ ಒಳಗೆ ಏನಿದೆ ಎಂಬುದು ಅವಳಿಗೂ ಗೊತ್ತಿರಲಿಲ್ಲ. ಎಷ್ಟು ದಿನವಾಗಿತ್ತು ಕಣ್ಣು ಹಾಕಿ! ನಾರಾಯಣಪ್ಪ ಬಾಗಿಲು ತೆರೆದು ಗೋಣಿ ಎಳೆಯುವಾಗ ಅವಳು ಸೆರಗಿನ ತುದಿ ಬಾಯಿಗಿಟ್ಟು ನಿಂತಳು.

ಗೋಣಿಯ ಕೆಳಗೆ ಪಂಜರ ತುಂಬ ಬಿಳಿ. ಕಣ್ಣು ಬಿಟ್ಟು, ಮೈತುಂಬ ಕೂದಲು ಬಂದು, ಒಂದರ ಮೇಲೊಂದು ಹತ್ತಿ ಇಳಿಯುತ್ತಿದ್ದ ಮರಿಗಳು. ಎರಡನೆಯ ಪಂಜರದಲ್ಲಿ ಇನ್ನಷ್ಟು. ತಾಯಿ ಇಲಿಗಳು ತಂಬಿಟ್ಟಿನ ಉಂಡೆಗಳ ಹಾಗೆ ಒರಗಿ ಮಲಗಿದ್ದವು.

“ಅಬ್ಬಾ!” ಕೃಷ್ಣಸ್ವಾಮಿ ಅಲ್ಲೇ ಕೂತುಬಿಟ್ಟರು. “ಸೇಲಂನಲ್ಲಿ ಇಲಿ ಸಾಕೋ ಡಾಕ್ಟರುಗಳ ಹತ್ರಾನೂ ಮರಿಗಳು ಇಷ್ಟು ಚೆನ್ನಾಗಿ ನಿಂತಿದ್ದು ನಾನು ನೋಡಿಲ್ಲ. ಆರ್ಡರು ನಿಮಗೇಮ್ಮಾ, ಮಾತೇ ಇಲ್ಲ.”

ನಾರಾಯಣಪ್ಪ ಮೀಸೆ ತೀಡಿಕೊಂಡ. “ನಾನು ಏಳಿರಲಿಲ್ವಾ ಸಾರ್, ನಮ್ಮೆಂಗಸಿನ ಕೈಗುಣ.”

ರೋಜಾ ಖಾಲಿ ಪಂಜರವನ್ನು ಸೊಂಟದ ಮೇಲೆ ಇಟ್ಟುಕೊಂಡು ಹಿಂದೆಯೇ ಬಂದು ನಿಂತಿದ್ದಳು. ಕಣ್ಣು ಇನ್ನೂ ಕೆಂಪಗಿತ್ತು. ಇಂದು ಅವಳ ಮುಡಿಯಲ್ಲಿ ಹೂವಿರಲಿಲ್ಲ. ಮಂಜುಳಮ್ಮ ಅದನ್ನು ನೋಡಿದಳು. ಇಷ್ಟು ದಿನ ಬೇಕು ಬೇಕು ಎಂದು ಕಾಯುತ್ತಿದ್ದ ನೋಟ ಅದು. ಕಣ್ಣಿಗೆ ಬಿದ್ದ ಮೇಲೆ ಯಾಕೋ ಪೂರಾ ರುಚಿಸಲಿಲ್ಲ.

“ಅಕ್ಕಾ,” ಎಂದಳು ರೋಜಾ, ಧ್ವನಿಯಲ್ಲಿ ಹೊಟ್ಟೆಕಿಚ್ಚು ಹೊಸದಾಗಿ ಹೊತ್ತಿಕೊಂಡಿತ್ತು, “ಏನು ಮಾಡಿದೆ? ನಿಜ ಏಳು. ಯಾವ ಬೇರು ಆಕಿದೆ?”

“ಹೇಳಿಮ್ಮಾ,” ಕೃಷ್ಣಸ್ವಾಮಿಯೂ ತಿರುಗಿದರು. “ಹೋದ ತಿಂಗಳವರೆಗೆ ತಿಂದುಹಾಕ್ತಿದ್ದ ಇಲಿಗಳು ಇವೇ ತಾನೆ? ಈ ಸಲ ನೀವು ಏನು ಮಾಡಿದಿರಿ?”

ಸಾಂಬ್ರಾಣಿ ಎನ್ನಬಹುದಿತ್ತು. ತುಕ್ಕು ಮೊಳೆ ಎನ್ನಬಹುದಿತ್ತು. ಆ ಊರಿನಲ್ಲಿ ಯಾರೂ ಅನುಮಾನಿಸುತ್ತಿರಲಿಲ್ಲ. ಮಂಜುಳಮ್ಮ ಬಾಯಿ ತೆರೆದಳು ಕೂಡ. ಅಷ್ಟರಲ್ಲಿ ಕೃಷ್ಣಸ್ವಾಮಿಯ ಕಣ್ಣು ತಟ್ಟಿಯ ತೂತಿನ ಮೇಲೆ ಬಿತ್ತು. ಅಲ್ಲಿಂದ ಬಂದ ಬಿಸಿಲು ಟಾರ್ಚಿನಷ್ಟೇ ದುಂಡಗೆ ಅವಳ ಪಾದದ ಮೇಲೆ ಬಿದ್ದಿತ್ತು. ರೋಜಾ ತೂತನ್ನು ನೋಡಿದಳು, ಆಮೇಲೆ ಅಕ್ಕನನ್ನು.

ಮಂಜುಳಮ್ಮ ಕಾಲು ಹಿಂದಕ್ಕೆ ಎಳೆದುಕೊಂಡಳು.

“ಏನೂ ಮಾಡಿಲ್ಲ ಸಾರ್” ಎಂದಳು. “ಈ ಕಡೆ ತಿರುಗೋಕೆ ನಂಗೆಲ್ಲಿ ಪುರುಸೊತ್ತಿತ್ತು? ಒಂದು ತಿಂಗಳಿಂದ ನಾನು ಅವಳ ಇಲೀನೇ ನೋಡ್ತಾ ಇದ್ದೆ.”