ಅಪ್ಪ ನಕ್ಕ ಫೋಟೋ

ಭೀಮಾ ಹೊಳೆ ಭಂಡಾರಕವಠೆಯ ನಮ್ಮ ಮನೆಯೊಳಗೆ ಬಂದ ವರ್ಷ, ನಾವು ಮೊದಲು ಅವ್ವನನ್ನು, ಆಮೇಲೆ ಕುರಿಗಳನ್ನು ದಿಬ್ಬ ಹತ್ತಿಸಿದೆವು. ಒಂದು ಜೀವವೂ ಹೋಗಲಿಲ್ಲ. ಆದರೆ ನೀರಿಳಿದ ಮೇಲೆ ಮಂಚದ ಕೆಳಗಿನ ಟ್ರಂಕು ತೆಗೆದರೆ, ಮನೆತನದ ಫೋಟೋಗಳೆಲ್ಲ ರಾಡಿಯಲ್ಲಿ ಅಂಟಿಕೊಂಡು ಒಂದೇ ಮುದ್ದೆಯಾಗಿದ್ದವು.

ಅದನ್ನು ಹಾಗೇ ಬಕೆಟ್ಟಿನಲ್ಲಿಟ್ಟುಕೊಂಡು ಸೊಲ್ಲಾಪುರಕ್ಕೆ, ಅಕ್ಕನ ಮನೆಗೆ ಹೋದೆವು. ಅಕ್ಕ ಪರಾತದಲ್ಲಿ ತಣ್ಣೀರು ತುಂಬಿ, ನೆನೆಸಿ ನೆನೆಸಿ ಒಂದೊಂದೇ ಬಿಡಿಸಿದಳು. ನಾನು ಮಾಳಿಗೆಯ ಮೇಲೆ ಚಾದರ ಹಾಸಿ ಒಣಹಾಕಿದೆ. ಮೊದಲ ಕೂದಲು ತೆಗೆಸಿದ ನನ್ನ ಜಾವಳದ ಫೋಟೋ ಉಳಿದಿತ್ತು. ಬೋಳು ತಲೆಯ ನಾನು ಅರಚುತ್ತಿರುವುದನ್ನು ನೋಡಿ ಅಕ್ಕ ಬಿದ್ದು ಬಿದ್ದು ನಕ್ಕಳು. ಅಜ್ಜಿಯದು ಅರ್ಧ ಉಳಿದಿತ್ತು. ಅಪ್ಪ ಅವ್ವನ ಲಗ್ನದ ಫೋಟೋ ಮಾತ್ರ ಪೂರ್ತಿ ಅಳಿಸಿಹೋಗಿತ್ತು. ಅಪ್ಪ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಅವನ ಹರೆಯದ ಮುಖ ನಮಗೆ ಗೊತ್ತಿದ್ದದ್ದು ಅದೊಂದರಿಂದಲೇ.

"ಹೋಗ್ಲಿ ಬಿಡ್ರಿ, ನೀವೆಲ್ಲಾ ಕಣ್ಣಮುಂದ ಅದೀರಿ, ನನಗ ಅಷ್ಟ ಸಾಕು" ಎಂದಳು ಅವ್ವ. ಆದರೂ ಆ ಖಾಲಿ ಕಾಗದವನ್ನು ಎಸೆಯಲು ಬಿಡಲಿಲ್ಲ.

ಅಕ್ಕ ನಾಗಣಸೂರಿನ ಅತ್ತೆಗೆ, ಅಪ್ಪನ ತಂಗಿಗೆ, ಫೋನು ಹಚ್ಚಿ ಎಲ್ಲ ಹೇಳಿದಳು. ಮರುದಿನ ಅತ್ತೆ ಅಕ್ಕಲಕೋಟೆಯಲ್ಲಿ ಎಸ್.ಟಿ. ಬಸ್ಸು ಹಿಡಿದು ಬಂದೇಬಿಟ್ಟಳು. ಕಂಕುಳಲ್ಲಿ ಹಳೇ ಸೀರೆ ಸುತ್ತಿದ ಒಂದು ಫೋಟೋ ಚೌಕಟ್ಟು.

"ವೈನಿ, ಬೈಬ್ಯಾಡ್ರಿ ಮತ್ತ. ನಿಮ್ಮ ಲಗ್ನದ್ದ ಇದು, ಕೆಟ್ಟೈತಿ ಅಂತ ಫೋಟೋದಾಂವ ಬ್ಯಾರೆ ಇಟ್ಟಿದ್ದ. ನಾ ಇಸ್ಕೊಂಡು ನನ್ನ ಮನಿಗಿ ಒಯ್ದಿದ್ದೆ" ಎಂದಳು ಅವ್ವನಿಗೆ.

ಸೀರೆ ಬಿಚ್ಚಿದೆವು. ಅಳಿಸಿಹೋದ ಫೋಟೋದಲ್ಲಿ ಅಪ್ಪ ಸೆಟೆದು ಕೂತಿದ್ದ, ಅವ್ವ ನೆಲ ನೋಡುತ್ತಿದ್ದಳು. ಇದರಲ್ಲಿ ಇಬ್ಬರೂ ಬಾಯ್ತುಂಬ ನಗುತ್ತಿದ್ದರು. ಅಪ್ಪನ ಬಾಸಿಂಗ ಓರೆಯಾಗಿತ್ತು. ಒಂದು ಕುರಿಮರಿ ಅವನ ತೊಡೆಯ ಮೇಲೆ ಮುಂಗಾಲಿಟ್ಟು ಕೊರಳ ಹಾರ ಮೇಯುತ್ತಿತ್ತು.

ಅವ್ವ ಸೆರಗು ಬಾಯಿಗಿಟ್ಟುಕೊಂಡಳು. ಅಳುತ್ತಾಳೆಂದುಕೊಂಡೆ. ನಗುತ್ತಿದ್ದಳು!

"ತಬ್ಬಲಿ ಮರಿ ಅದು. ನಿಮ್ಮಪ್ಪನ್ನ ಬಿಟ್ಟು ಇರ್ತಿರಲಿಲ್ಲ. ನಾ ಗಾಬರಿಯಾಗಿ ನೋಡಿದ್ರ, 'ನಮ್ಮ ಮನ್ಯಾಗ ಮೊದಲ ಇವರ ಊಟ, ಆಮ್ಯಾಲ ನಮ್ದು' ಅಂತ ಕಿವ್ಯಾಗ ಅಂದ್ರು. ಅವರು ನನ್ನ ಜೋಡಿ ಆಡಿದ ಮೊದಲನೇ ಮಾತು ಅದ."

ಇಷ್ಟು ವರ್ಷ ಈ ಮಾತು ನಮಗೆ ಗೊತ್ತೇ ಇರಲಿಲ್ಲ. ಮರಾಠಿ ಸಾಲಿಗೆ ಹೋಗುವ ಅಕ್ಕನ ಮಗಳು "ಆಜೋಬಾ ಕಿತಿ ಹಸತಾಯತ!" ಎಂದು ಕುಣಿದಳು. ಅಜ್ಜ ಎಷ್ಟು ನಗ್ತಾನ ಎಂದು ಅವಳಿಗೆ ಬೆರಗು. ತನ್ನ ಅವ್ವನ ಮೊಬೈಲು ಹಿಡಿದು, ಅಜ್ಜಿಯ ಕೈಲಿ ಇನ್ನೊಮ್ಮೆ ಹೇಳಿಸಿ ವಿಡಿಯೋ ಮಾಡಿಕೊಂಡಳು.

ಅದೇ ಸಂಜೆ ಪೇಟೆಗೆ ಹೋಗಿ ಮನೆಗೊಂದರಂತೆ ಪ್ರತಿ ತೆಗೆಸಿದೆವು. ಅತ್ತೆ ಮೂಲ ಫೋಟೋ ಅವ್ವನ ಕೈಲಿಟ್ಟಳು. ಅವ್ವ ಒಪ್ಪಲಿಲ್ಲ.

"ನಿನ್ನ ಹಂತ್ಯಾಕ ಇರ್ಲಿ. ನೀ ಇದ್ದಿ ಅಂತ ಇದು ಉಳೀತು. ನಾಗಣಸೂರಿಗಿ ಹೊಳಿ ಬರಂಗಿಲ್ಲ."

ಬಸ್ ಸ್ಟ್ಯಾಂಡಿನಲ್ಲಿ ಅಕ್ಕ ಅತ್ತೆಯ ಚೀಲಕ್ಕೆ ಶೇಂಗಾ ಹೋಳಿಗೆ ತುರುಕಿದಳು. ಕಂಡಕ್ಟರ್ ಗಂಟೆ ಹೊಡೆದರೂ ಅತ್ತಿಗೆ ನಾದಿನಿ ಕಿಟಕಿಯಲ್ಲಿ ಹಿಡಿದ ಕೈ ಬಿಟ್ಟಿರಲಿಲ್ಲ.