ಇಪ್ಪತ್ತು ಹೆಚ್ಚುಕಡಿಮೆ

ನಮ್ಮ ಅತ್ತೆಗೆ ಮೂಗಿನ ತುದಿಯಲ್ಲೇ ಕೋಪ. ವಿಕಿರಣ ಅಳೆಯುವ ಪ್ರಯೋಗಾಲಯದಲ್ಲಿ ಇಪ್ಪತ್ತೆಂಟು ವರ್ಷ ಎಣಿಕೆ ಯಂತ್ರದ ಮುಂದೆ ಕೂತವಳು. ನೀರಿನಲ್ಲಿ ಎಷ್ಟು ಪರಮಾಣುಗಳು ಒಡೆಯುತ್ತಿವೆ ಎಂದು ಆ ಯಂತ್ರ ಒಂದೊಂದಾಗಿ ಎಣಿಸುತ್ತದೆ. ಅವು ಯಾರ ಮಾತೂ ಕೇಳುವಂಥವಲ್ಲ. ಒಂದೇ ಬಾಟಲಿ ಇಟ್ಟರೂ ಹತ್ತು ನಿಮಿಷದ ಎಣಿಕೆ ಒಮ್ಮೆ ನಾನೂರು, ಇನ್ನೊಮ್ಮೆ ಮುನ್ನೂರ ಎಂಬತ್ತೆರಡು, ಮತ್ತೊಮ್ಮೆ ನಾನೂರ ಹದಿನೇಳು. ಅದಕ್ಕೇ ಅತ್ತೆ ಪ್ರತಿ ಸಂಖ್ಯೆಯ ಪಕ್ಕ ‘ಇಪ್ಪತ್ತು ಹೆಚ್ಚುಕಡಿಮೆ’ ಎಂದು ಬರೆಯುತ್ತಿದ್ದಳು. ಊಟಕ್ಕೆ ಎಷ್ಟು ಜನ ಎಂದರೆ, “ಆರು, ಒಬ್ಬರು ಹೆಚ್ಚುಕಡಿಮೆ” ಅನ್ನುವಳು.

ಬೆನ್ನಿನ ಆಪರೇಷನ್ನಿಗೆ ಆರು ತಿಂಗಳು ರಜೆ ಹಾಕಿದಳು. ಆಗ ನಮ್ಮ ಬೀದಿಯ ಬಾವಿಯ ನೀರನ್ನು ತಿಂಗಳಿಗೊಮ್ಮೆ ಅಳೆಯುವ ಕೆಲಸ ಮೇಲ್ವಿಚಾರಕನ ಪಾಲಿಗೆ ಬಂತು. ಮರಳಿದ ದಿನವೇ ಅತ್ತೆ ಅವನ ಪುಸ್ತಕ ತೆರೆದಳು. ನಾನೂರು, ನಾನೂರ ಒಂದು, ಮುನ್ನೂರ ತೊಂಬತ್ತೊಂಬತ್ತು, ನಾನೂರು, ನಾನೂರು, ನಾನೂರ ಒಂದು.

“ಇದು ಅಳೆದಿದ್ದಲ್ಲ ಸರ್, ಕೂತು ಬರೆದಿದ್ದು.”

“ಎಲ್ಲ ಒಂದೇ ಥರ ಬಂದ್ರೆ ಒಳ್ಳೇದೇ ಅಲ್ವೇನಮ್ಮ?”

“ನಿಜವಾದ ಎಣಿಕೆ ಹೀಗೆ ಕೈಕಟ್ಟಿ ನಿಲ್ಲಲ್ಲ. ಇಪ್ಪತ್ತು ಆ ಕಡೆ, ಇಪ್ಪತ್ತು ಈ ಕಡೆ ಹಾರಾಡ್ಲೇಬೇಕು. ಸುಳ್ಳು ಹೇಳೋಕಾದ್ರೂ ಸ್ವಲ್ಪ ಬುದ್ಧಿ ಬೇಡ್ವಾ?”

ನಾನೂರು ಎಂಬುದು ಸುತ್ತಲಿನ ಸಹಜ ವಿಕಿರಣದಿಂದಾಗಿ ಶುದ್ಧ ನೀರಿಟ್ಟರೂ ಬರುವ ಎಣಿಕೆ. ಸೋಮಾರಿ ಅದನ್ನೇ ಇಳಿಸಿಕೊಂಡಿದ್ದ. ಅತ್ತೆ ಅಂದೇ ಬಾವಿಯ ನೀರು ತರಿಸಿ ಇಟ್ಟಳು. ನಾನೂರ ಮೂವತ್ತೊಂದು.

“ಅದಕ್ಕೆ ಇಪ್ಪತ್ತು ಕೂಡಿಸಿ, ಇದರಲ್ಲಿ ಇಪ್ಪತ್ತು ಕಳೀರಿ, ನಿಮ್ಮ ಹೆಚ್ಚುಕಡಿಮೇಲೇ ಹೋಯ್ತಲ್ಲ ಬಿಡಿ,” ಎಂದು ಅವನು ನಕ್ಕ. ಆ ನಗು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ.

ಹೆಚ್ಚು ಹೊತ್ತು ಎಣಿಸಿದಷ್ಟೂ ಅನುಮಾನ ಕರಗುತ್ತದೆ. ಅತ್ತೆ ಶುದ್ಧ ನೀರನ್ನು ಒಂದಿಡೀ ದಿನ, ಬಾವಿಯ ನೀರನ್ನು ಒಂದಿಡೀ ದಿನ ಎಣಿಸಿದಳು. ಹತ್ತು ನಿಮಿಷಕ್ಕೆ ಸರಾಸರಿ ಅದು ನಾನೂರು, ಇದು ನಾನೂರ ಇಪ್ಪತ್ತೊಂಬತ್ತು. ಈಗ ಹೆಚ್ಚುಕಡಿಮೆ ಬರೀ ಎರಡು. ಕುಡಿಯುವ ನೀರಿನ ಮಿತಿ ದಾಟಲು ಮೇಲಿನ ಆ ಇಪ್ಪತ್ತೊಂಬತ್ತು ಸಾಕಾಗಿತ್ತು.

ಬಾವಿಗೆ ಬೀಗ ಬಿತ್ತು. ಮೇಲ್ವಿಚಾರಕನಿಗೆ ಆದದ್ದು ಬರೀ ವರ್ಗ. ಮಾನಗೆಟ್ಟವರಿಗೆ ಅದೊಂದು ಶಿಕ್ಷೆಯೇ?

ಅಕ್ಕ ಆಗ ಏಳು ತಿಂಗಳ ಬಸುರಿ. ಮೊದಲ ದಿನದಿಂದಲೂ ಕುಡಿದದ್ದು ಆ ಬಾವಿಯ ನೀರನ್ನೇ. ಅವಳು ಬಂದು ಅತ್ತೆಯ ಎದುರು ಕೂತಳು.

“ಅತ್ತೆ, ಈ ಆರು ತಿಂಗಳಲ್ಲಿ ನನ್ನ ಹೊಟ್ಟೆಗೆ ಎಷ್ಟು ಹೋಗಿದೆ? ಸುಮಾರಾಗಾದ್ರೂ ಹೇಳು.”

“ಅಳೆದಿದ್ರೆ ಹೇಳ್ತಿದ್ದೆ ಕಣೇ. ಆ ನೀರನ್ನ ಈಗ ಎಲ್ಲಿಂದ ತಂದು ಎಣಿಸ್ಲಿ?”

ಇನ್ನೇನು ಅವನ ಜನ್ಮ ಜಾಲಾಡುತ್ತಾಳೆ ಎಂದು ನಾನು ಕಾದೆ. ಅತ್ತೆ ಬೈಯಲಿಲ್ಲ. ಗೋಡೆಯ ಕಡೆ ತಿರುಗಿ ಅತ್ತಳು.